ಸತ್ತವರಿಗೂ ಮದುವೆಯ ಕರೆಯೋಲೆ

ಬುರುಲ್ ಎಜೆ ತನ್ನ ಕಿರಿಮಗನ ಮದುವೆಗೆ ಒಂದು ಸಾವಿರದ ಆರುನೂರ ಹನ್ನೆರಡು ಜನರನ್ನು ಕರೆದದ್ದು ತಪ್ಪಲ್ಲ. ಕಿರ್ಗಿಜ್ ನಾಡಿನ ತಲಾಸ್ ಕಣಿವೆಯಲ್ಲಿ ಅದಕ್ಕಿಂತ ಕಡಿಮೆ ಜನರನ್ನು ಕರೆದರೆ ಹುಡುಗನಲ್ಲೇ ಏನೋ ಐಬಿರಬೇಕು ಎಂದು ಆಡಿಕೊಳ್ಳುತ್ತಾರೆ. ಆ ಕರೆಯೋಲೆಯನ್ನು ತಾನು ಕೆಲಸ ಮಾಡುವ ಬೀನ್ಸ್ ಬೀಜ ಕೇಂದ್ರದ ಈಮೇಲಿನಿಂದಲೇ ಕಳಿಸಿದ್ದೂ ಅಂಥ ದೊಡ್ಡ ತಪ್ಪೇನಲ್ಲ. ಇಪ್ಪತ್ತಾರು ವರ್ಷ ಅದೇ ಕಚೇರಿಯ ಕಾಗದಪತ್ರ ನೋಡಿಕೊಂಡವಳು, ಒಂದು ಮಧ್ಯಾಹ್ನ ಮನೆಯ ಕಾಗದ ಕಳಿಸಿದರೆ ಯಾರಪ್ಪನ ಗಂಟೇನು ಹೋಯಿತು? ಹಾಗೆ ಕರೆದವರಲ್ಲಿ, ಆಕೆಯ ಲೆಕ್ಕಕ್ಕೆ, ನಲವತ್ತೊಂದು ಜನ ಎಂದೋ ಸತ್ತುಹೋಗಿದ್ದರು. ಆಕೆಯ ಪ್ರಕಾರ ಅದೂ ತಪ್ಪಲ್ಲ. ತಪ್ಪಾಗಿ ಕಂಡದ್ದು ಎಲ್ಲೋ ಸಮುದ್ರದಾಚೆ ಕೂತ ಕೆಲವು ಕಂಪ್ಯೂಟರುಗಳಿಗೆ ಮಾತ್ರ. ಅನುಭವಿಸುವ ಪಾಳಿ ಬಂದದ್ದು ಮೆದೆರ್‌ಗೆ.

ಮೆದೆರ್ ಆ ಕೇಂದ್ರದ ಈಮೇಲ್ ನೋಡಿಕೊಳ್ಳುವವನು. ಹನ್ನೊಂದು ವರ್ಷದ ಹಿಂದೆ ಮೂರು ಹಳೇ ಕಂಪ್ಯೂಟರುಗಳ ಕರುಳು ಕಿತ್ತು ಒಂದೇ ಹೊಟ್ಟೆಗೆ ತುಂಬಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೀಜದ ಚೀಲಗಳ ನಡುವೆ ಒಂದು ಸರ್ವರ್ ಕಟ್ಟಿ ನಿಲ್ಲಿಸಿದ್ದ. ಕೇಂದ್ರದ ಪತ್ರಗಳೆಲ್ಲ ಹೋಗುವುದು, ಬರುವುದು ಅದರ ಮೂಲಕವೇ. ಅದು ಚಳಿಗಾಲದಲ್ಲಿ ಮುದಿಕುದುರೆಯ ಹಾಗೆ ಕೆಮ್ಮುತ್ತಿತ್ತು, ಬೇಸಿಗೆಯಲ್ಲಿ ಚಹಾ ಕಾಯಿಸುವ ಸಮೋವರಿನ ಹಾಗೆ ಕಾಯುತ್ತಿತ್ತು. ಪತ್ರವನ್ನು ಮಾತ್ರ ಒಂದು ದಿನವೂ ಕಳೆದಿರಲಿಲ್ಲ. ಮೆದೆರ್‌ಗೆ ನಲವತ್ತಮೂರು ವಯಸ್ಸು, ತಲೆಯಲ್ಲಿ ಅರ್ಧ ಕೂದಲು. ಈ ಕೆಲಸ ಬಿಟ್ಟರೆ ಕೈಯಲ್ಲಿ ಬೇರೆ ವಿದ್ಯೆ ಇಲ್ಲ. ತಲಾಸ್‌ನಲ್ಲಿ ಸ್ವಂತ ಈಮೇಲ್ ಸರ್ವರ್ ಇಟ್ಟುಕೊಂಡ ಇನ್ನೊಂದು ಕಚೇರಿಯೂ ಇಲ್ಲ.

ಗುರುವಾರ ಬೆಳಿಗ್ಗೆ ಅವನು ಗೂಡಿನ ಬಾಗಿಲು ತೆಗೆದಾಗ ಪರದೆಯ ಮೇಲೆ ಸಾಲುಗಳು ಜಾರುತ್ತಿದ್ದವು. ಮಂಗಳವಾರ ಸಂಜೆಯಿಂದಲೇ ಕೇಂದ್ರದ ಪತ್ರಗಳನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕೆಲವರು ಬಾಗಿಲಲ್ಲೇ ಬೈದು ವಾಪಸು ಕಳಿಸುತ್ತಿದ್ದರು. ಇನ್ನು ಕೆಲವರು 'ಈಗ ಬೇಡ, ಆಮೇಲೆ ಬಾ' ಎನ್ನುತ್ತಿದ್ದರು. ಹಾಗೆ ಅನ್ನಿಸಿಕೊಂಡ ಪತ್ರಗಳನ್ನು ಸರ್ವರ್ ಸಾಲಾಗಿ ನಿಲ್ಲಿಸಿಕೊಂಡು, ಗಂಟೆಗೊಮ್ಮೆ ಮತ್ತೆ ಬಾಗಿಲು ತಟ್ಟುತ್ತಿತ್ತು. ಸಾಲಿನಲ್ಲಿ ಇನ್ನೂರ ಹದಿನಾಲ್ಕು ಪತ್ರಗಳಿದ್ದವು. ಬುಧವಾರ ಇಡೀ ದಿನ ತಂತಿ ಬದಲಾಯಿಸಿ, ಸೆಟ್ಟಿಂಗ್ ತಿರುವಿ, ಇಂಟರ್ನೆಟ್ ಕೊಡುವವರ ಜೊತೆ ಜಗಳವಾಡಿ ಮೆದೆರ್ ಹೈರಾಣಾಗಿದ್ದ. ಇವತ್ತು ಕಾರಣ ಕಣ್ಣಿಗೆ ಬಿತ್ತು: ಅವನ ಸರ್ವರ್ ಕಪ್ಪುಪಟ್ಟಿ ಸೇರಿತ್ತು. ಕಸದ ಪತ್ರ ಹಂಚುವ ಕಳ್ಳರು, ಮೋಸಗಾರರು, ಸುಳ್ಳು ಮದ್ದು ಮಾರುವವರ ಪಕ್ಕದಲ್ಲಿ ತಲಾಸ್ ಬೀನ್ಸ್ ಬೀಜ ಕೇಂದ್ರ.

"ಮೆದೆರ್!"

ಮೆಟ್ಟಿಲ ಮೇಲಿಂದ ಬಂದ ದನಿ ಕುತ್ಮಾನ್ ಅಗಾಯ್ ಅವರದು, ಕೇಂದ್ರದ ನಿರ್ದೇಶಕರು. ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳಿದವರಾದ್ದರಿಂದ ಊರೆಲ್ಲ ಅವರನ್ನು ಅಗಾಯ್, ಅಂದರೆ ಮೇಷ್ಟ್ರು, ಎಂದೇ ಕರೆಯುತ್ತದೆ. ಅವರೂ ಊರಿಗೆ ಊರೇ ಹೋಂವರ್ಕ್ ಮಾಡಿಲ್ಲವೇನೋ ಎಂಬಂತೆ ನೋಡುತ್ತಾರೆ.

"ನನ್ನ ಕಾಗದ ಹೋಯ್ತೇನೋ?"

"ಇನ್ನೂ ಸಾಲಲ್ಲಿದೆ, ಅಗಾಯ್."

"ಸಾಲಲ್ಲಿರೋದಕ್ಕೆ ಅದೇನು ಬೇಕರಿ ಮುಂದೆ ನಿಂತಿದ್ಯಾ? ಬಲ್ಗೇರಿಯದ ಬೀಜ ಸಂಘದವರು ಇವತ್ತು ಸಂಜೆ ಆರರೊಳಗೆ ಒಪ್ಪಿಗೆ ಕೇಳಿದಾರೆ. ಐದು ವರ್ಷದ ಯೋಜನೆ! ನನ್ನ ಸ್ವಂತ ಈಮೇಲಿಂದ ಕಳಿಸಿದೆ. 'ಕೇಂದ್ರದ ವಿಳಾಸದಿಂದ ಬಂದರೆ ಮಾತ್ರ ಲೆಕ್ಕ' ಅಂದ್ರು. ಫೋನ್ ಮಾಡಿದೆ. 'ಫೋನಿಗೆ ಸಹಿ ಹಾಕೋಕಾಗಲ್ಲ' ಅಂದ್ರು."

"ನೋಡ್ತಾ ಇದೀನಿ, ಅಗಾಯ್."

"ನೀನು ನೋಡ್ತಾನೇ ಇರು." ಅಗಾಯ್ ಒಂದೊಂದೇ ಮೆಟ್ಟಿಲು ಇಳಿದು ಬಂದು ಗೂಡಿನೊಳಗೆ ತಲೆ ತೂರಿಸಿದರು. "ರಾಜಧಾನಿಯ ಒಂದು ಕಂಪನಿಯವರು ದಿನಾ ಫೋನ್ ಮಾಡ್ತಾರೆ. ಈಮೇಲ್ ನಮಗೆ ಕೊಡಿ, ನಿಮ್ಮಲ್ಲಿ ಯಾರೂ ಬೇಕಾಗಲ್ಲ ಅಂತಾರೆ. ಹನ್ನೊಂದು ವರ್ಷದಿಂದ ಬೇಡ, ನಮ್ಮ ಮೆದೆರ್ ಇದಾನೆ ಅಂತ ಹೇಳ್ಕೊಂಡು ಬಂದೆ. ಇವತ್ತು ಆರಕ್ಕೆ ಆ ಕಾಗದ ಮುಟ್ಟಲಿಲ್ಲವೋ, ನಾಳೆ ಬೆಳಿಗ್ಗೆ ಈ ಗೂಡಲ್ಲಿ ಈರುಳ್ಳಿ ಇಡಿಸ್ತೀನಿ. ಈ ಹುದ್ದೆನೇ ಇರಲ್ಲ. ಅರ್ಥ ಆಯ್ತಾ?"

ಅರ್ಥವಾಗದೆ ಏನು? ಮೆದೆರ್‌ಗೆ ಆಗಲೇ ಈರುಳ್ಳಿಯ ವಾಸನೆ ಬಂದಂತಾಗಿ ಕಣ್ಣಲ್ಲಿ ನೀರು ತುಂಬಿತು.

ಕಪ್ಪುಪಟ್ಟಿಯವರ ಪುಟ ತೆರೆದು, ಇಂಗ್ಲಿಷನ್ನು ಕಲ್ಲು ಆರಿಸುವ ಹಾಗೆ ಒಂದೊಂದೇ ಪದ ಆರಿಸುತ್ತಾ ಓದಿದ. ಸಾರಾಂಶ ಇಷ್ಟು: ಜನ ಸತ್ತಮೇಲೆ, ಅಥವಾ ಬಿಟ್ಟುಹೋದಮೇಲೆ, ಅವರ ಈಮೇಲ್ ವಿಳಾಸಗಳೂ ಸಾಯುತ್ತವೆ. ಅಂಥ ಕೆಲವು ಸತ್ತ ವಿಳಾಸಗಳನ್ನು ಈ ಕಾವಲುಗಾರರು ಬೋನಿನ ಹಾಗೆ ಇಟ್ಟುಕೊಂಡಿರುತ್ತಾರೆ. ಸತ್ತವರಿಗೆ ಮರ್ಯಾದಸ್ಥರು ಯಾರೂ ಪತ್ರ ಬರೆಯುವುದಿಲ್ಲ. ಬರೆದವನು ಎಲ್ಲಿಂದಲೋ ಪಟ್ಟಿ ಕದ್ದ ಕಳ್ಳನೇ ಇರಬೇಕು ಎಂಬುದು ಅವರ ತರ್ಕ. 'ನಿಮ್ಮ ಸರ್ವರ್ ಮಂಗಳವಾರ ಮಧ್ಯಾಹ್ನ ಅಂಥ ಹಲವು ವಿಳಾಸಗಳಿಗೆ ಬರೆದಿದೆ. ಅವುಗಳನ್ನು ನಿಮ್ಮ ಪಟ್ಟಿಯಿಂದ ಅಳಿಸಿ, ಅಳಿಸಿದ್ದೇವೆಂದು ನಮಗೆ ತಿಳಿಸಿ. ಸುಳ್ಳು ಹೇಳಿದರೆ ನಿಮ್ಮನ್ನು ಕಪ್ಪುಪಟ್ಟಿಯಿಂದ ಎಂದೂ ತೆಗೆಯುವುದಿಲ್ಲ. ವಿಳಾಸಗಳು ಯಾವುವೆಂದು ನಾವು ಹೇಳುವುದಿಲ್ಲ.'

ಮಂಗಳವಾರ ಮಧ್ಯಾಹ್ನ! ಮದುವೆಯ ಕರೆಯೋಲೆ ಹೋದ ಹೊತ್ತೇ ಅದು. ಮೆದೆರ್ ಎರಡೆರಡು ಮೆಟ್ಟಿಲು ಹಾರಿ ಬುರುಲ್ ಎಜೆಯ ಕೋಣೆಗೆ ಓಡಿದ.

ಎಜೆ, ಅಂದರೆ ಎಲ್ಲರಿಗೂ ಅಕ್ಕ, ಚಹದ ಬಟ್ಟಲಿಗೆ ಹಾಲು ಬಗ್ಗಿಸುತ್ತಿದ್ದಳು. ಮದುವೆಗೆ ಇನ್ನೂ ಒಂಬತ್ತು ದಿನವಿದ್ದರೂ ತಲೆಗೆ ಆಗಲೇ ಹೊಸ ರೇಷ್ಮೆ ವಸ್ತ್ರ ಬಂದಿತ್ತು.

"ಎಜೆ, ಮದುವೆ ಕಾಗದ ಯಾರ್‌ಯಾರಿಗೆ ಕಳಿಸಿದ್ರಿ?"

"ಎಲ್ರಿಗೂ. ನಿಂಗೂ ಕಳಿಸಿದೀನಿ. ಬರ್ಲಿಲ್ವಾ? ನಿನ್ನ ಹೆಂಡ್ತೀನ ಬಿಟ್ಟು ಬರ್ಬೇಡ ಮತ್ತೆ."

"ಎಲ್ರಿಗೂ ಅಂದ್ರೆ?"

"ಕೇಂದ್ರದ ವಿಳಾಸದ ಪಟ್ಟಿ ಇದೆಯಲ್ಲಪ್ಪ, ಅದರಲ್ಲಿ ಇರೋರಿಗೆಲ್ಲ. ಒಬ್ಬರನ್ನ ಕರೆದು ಇನ್ನೊಬ್ಬರನ್ನ ಬಿಟ್ಟರೆ ನಾಳೆ ಬೀದೀಲಿ ಮುಖ ಎತ್ಕೊಂಡು ಓಡಾಡೋಕಾಗುತ್ತಾ?"

"ಅದರಲ್ಲಿ ಸತ್ತವರು ಇದಾರಾ?"

ಎಜೆ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. "ಇದಾರೆ. ಯಾಕೆ ಇರಬಾರ್ದು? ನಲವತ್ತೊಂದು ಜನ. ಹಳೇ ನಿರ್ದೇಶಕರಿಂದ ಹಿಡಿದು ಗೋದಾಮಿನ ಜಾಮಿಲಾವರೆಗೆ ಎಲ್ಲರ ಹೆಸರೂ ನನ್ನ ಬಾಯಲ್ಲೇ ಇದೆ."

"ಸತ್ತವರನ್ನ ಮದುವೆಗೆ ಕರೀತಾರಾ, ಎಜೆ?"

"ಕರೀದೇ ಇನ್ನೇನು? ನಿನ್ನ ಮದುವೇಲಿ ನಿಮ್ಮಜ್ಜನ ಹೆಸರು ಹೇಳಲಿಲ್ವಾ? ಬರೋದು ಬಿಡೋದು ಅವರಿಷ್ಟ. ಕರೆಯೋದು ನಮ್ಮ ಧರ್ಮ."

ಮೆದೆರ್ ಅವಳ ಎದುರಿನ ಕುರ್ಚಿಯಲ್ಲಿ ಕುಸಿದು, ಬೋನು, ಕಪ್ಪುಪಟ್ಟಿ, ಬಲ್ಗೇರಿಯ, ಈರುಳ್ಳಿ ಎಲ್ಲವನ್ನೂ ಹೇಳಿದ. "ಆ ನಲವತ್ತೊಂದು ಹೆಸರು ಅಳಿಸ್ಬೇಕು. ಯಾರು ಯಾರು ಅಂತ ನಿಮಗೊಬ್ರಿಗೇ ಗೊತ್ತು. ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ."

"ಅಳಿಸೋದಾ?" ಎಜೆಯ ದನಿ ಇಳಿಯಿತು. "ನನಗಿಂತ ಮುಂಚೆ ಈ ಕುರ್ಚೀಲಿ ಕೂತಿದ್ದೋಳು ಪಟ್ಟಿ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದಳು: ಸೇರಿಸ್ಬೋದು, ಅಳಿಸ್ಬಾರ್ದು ಅಂತ. ಒಂದ್ಸಲ ಸತ್ತವರನ್ನ ಇನ್ನೊಂದ್ಸಲ ಸಾಯಿಸು ಅಂತೀಯಲ್ಲೋ. ನಿನ್ನ ಮೇಷ್ಟ್ರು ಎರ್ಮೆಕ್ ಅಗಾಯ್ ಕೂಡ ಅದರಲ್ಲೇ ಇದಾರೆ. ನಿಂಗೆ ಕಂಪ್ಯೂಟರ್ ಕಲಿಸಿದವರು. ಅವರ ಹೆಸರ ಮೇಲೆ ಕೀಲಿ ಒತ್ತೋಕೆ ಬೆರಳು ಬರುತ್ತಾ ನಿಂಗೆ?"

ಮೆದೆರ್ ತನ್ನ ಬೆರಳನ್ನೇ ನೋಡಿಕೊಂಡ. ಬರುವ ಹಾಗೆ ಕಾಣಲಿಲ್ಲ.

"ಹಾಗಾದ್ರೆ ನಾನು ಮುಳುಗಿದೆ," ಎಂದ.

ಎಜೆಯ ಮನಸ್ಸು ಗಟ್ಟಿಯದಲ್ಲ. ಮೂಗೊರೆಸಿಕೊಂಡಳು. "ಇವತ್ತು ಗುರುವಾರ ಅಲ್ವಾ, ಸತ್ತವರನ್ನ ನೆನೆಯೋ ದಿನ? ಒಂದು ದಾರಿ ಇದೆ. ಏಳು ರೊಟ್ಟಿ ಎಣ್ಣೇಲಿ ಕರಿಯೋಣ. ವಾಸನೆ ಅವರಿಗೆ ಮುಟ್ಟಲಿ. ಒಂದು ಪ್ರಾರ್ಥನೆ ಓದೋಣ. ಆಮೇಲೆ ಒಬ್ಬೊಬ್ಬರ ಹೆಸರು ಹೇಳಿ, ಅಪ್ಪಣೆ ಕೇಳಿ, ಮರ್ಯಾದೆಯಿಂದ ಕಳಿಸಿಕೊಡೋಣ. ಹಾಗಾದ್ರೆ ನಾನು ಒಪ್ತೀನಿ."

"ಎಷ್ಟು ಹೊತ್ತಾಗುತ್ತೆ?"

"ಅರ್ಧ ಗಂಟೆ."

ಹಿಟ್ಟು ನಾದುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಕ್ಯಾಂಟೀನಿಗೆ ಸುಣ್ಣ ಬಳಿಯುವವರು ಒಲೆಯನ್ನು ಕಿತ್ತು ಅಂಗಳದಲ್ಲಿ ಇಟ್ಟಿದ್ದರು. ಎಜೆ ಎಲ್ಲಿಂದಲೋ ಒಂದು ವಿದ್ಯುತ್ ಒಲೆ ಹೊತ್ತು ತಂದಳು. ಅದನ್ನು ಚುಚ್ಚಲು ಕೆಳಮಹಡಿಯಲ್ಲಿ ಅಲ್ಲಾಡದ ಪ್ಲಗ್ಗು ಇದ್ದದ್ದು ಒಂದೇ: ಮೆದೆರ್‌ನ ಗೂಡಿನಲ್ಲಿ, ಸರ್ವರಿನ ಪಕ್ಕದಲ್ಲಿ.

"ಇಲ್ಲಿ ಬೇಡ, ಎಜೆ! ದಮ್ಮಯ್ಯ!"

ಗಲಾಟೆ ಕೇಳಿ ಕೇಂದ್ರದ ಎಲೆಕ್ಟ್ರಿಷಿಯನ್ ಪಖೋಮಿಚ್ ಬಂದ. ಎಪ್ಪತ್ತು ದಾಟಿದ ರಷ್ಯನ್ ಮುದುಕ. ಕಿರ್ಗಿಜ್ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಾನೆ, ಬೈಗುಳಕ್ಕೆ ಮಾತ್ರ ತಾಯ್ನುಡಿಗೆ ಹೋಗುತ್ತಾನೆ. ಗೋಡೆಯ ತಂತಿಯನ್ನು ಮೂಸಿದ, ಒಲೆಯನ್ನು ನೋಡಿದ, ಆಮೇಲೆ ಹಿಟ್ಟಿನ ಬೋಗುಣಿಯನ್ನು ಬಹಳ ಹೊತ್ತು ನೋಡಿದ.

"ತಡ್ಕೊಳತ್ತೆ," ಎಂದ.

"ಖಂಡಿತ ತಡ್ಕೊಳುತ್ತಾ, ಪಖೋಮಿಚ್?"

"ನಲವತ್ತು ವರ್ಷ ತಡ್ಕೊಂಡಿದೆ. ಇವತ್ತು ಯಾಕೆ ಸಾಯುತ್ತೆ? ಎಣ್ಣೆ ಕಾಯ್ಲಿ, ಬುರುಲ್. ನಂಗೆ ಸ್ವಲ್ಪ ಕೆಂಪಗೆ ಬೇಯಿಸಿದ್ದು."

ಮೊದಲ ರೊಟ್ಟಿ ಎಣ್ಣೆಗೆ ಬಿದ್ದು ಉಬ್ಬಿತು. ವಾಸನೆ ಸತ್ತವರಿಗೆ ಮುಟ್ಟಿತೋ ಇಲ್ಲವೋ, ಬದುಕಿದ್ದವರಿಗಂತೂ ಮೂರನೇ ಮಹಡಿಯವರೆಗೆ ಮುಟ್ಟಿತು. ಬೀಜ ಪರೀಕ್ಷೆಯವರು ಬಿಳಿ ಕೋಟಿನಲ್ಲೇ ಇಳಿದು ಬಂದರು. ಪಕ್ಕದ ಪಶುವೈದ್ಯ ಕಚೇರಿಯವರು, ಯಾರು ತೀರಿಕೊಂಡರು ಎಂದು ಮುಖ ಸಣ್ಣಗೆ ಮಾಡಿಕೊಂಡು ಬಂದು, ಹಳಬರೇ ಎಂದು ತಿಳಿದು ಮುಖ ದೊಡ್ಡದು ಮಾಡಿಕೊಂಡರು. ಯಾರೋ ಚಹಾ ತಂದರು. ಯಾರೋ ಜ್ಯಾಮು ತಂದರು. ಸುಣ್ಣ ಬಳಿಯುವವರು ಏಣಿಯನ್ನೇ ಬೆಂಚು ಮಾಡಿ ಕೂತರು. ಇಷ್ಟು ಜನಕ್ಕೆ ಏಳು ಎಲ್ಲಿ ಸಾಕು ಎಂದು ಎಜೆ ಇನ್ನೊಂದು ಬೋಗುಣಿ ಹಿಟ್ಟು ಕಲೆಸಿದಳು, ಒಲೆಯ ಗುಂಡಿಯನ್ನು ಕೊನೆಯವರೆಗೆ ತಿರುವಿದಳು.

ಟಪ್ಪೆಂದಿತು.

ದೀಪ ಹೋಯಿತು. ಒಲೆ ಹೋಯಿತು. ಹನ್ನೊಂದು ವರ್ಷದಿಂದ ಎಡೆಬಿಡದೆ ಕೆಮ್ಮುತ್ತಿದ್ದ ಸರ್ವರ್ ಒಂದು ದೀರ್ಘ ಉಸಿರು ಬಿಟ್ಟು ಸುಮ್ಮನಾಯಿತು. ಆ ಮೌನದಲ್ಲಿ ಬಾಣಲೆಯ ಕೊನೆಯ ರೊಟ್ಟಿ ಮಾತ್ರ ಚುಂಯ್ ಎನ್ನುತ್ತಿತ್ತು.

"ಹೋಯ್ತು," ಎಂದ ಮೆದೆರ್. ಸಾವಿನ ಮನೆಯಲ್ಲಿ ಹೇಳುವ ಹಾಗೆಯೇ ಹೇಳಿದ.

"ಹೋಗಿಲ್ಲ," ಎಂದ ಪಖೋಮಿಚ್, ಬಾಯಿ ತುಂಬ ರೊಟ್ಟಿ. "ಫ್ಯೂಸ್ ಅಷ್ಟೇ. ಚಹಾ ಕುಡಿದು ಹಾಕ್ತೀನಿ."

"ಈಗ್ಲೇ ಹಾಕು!"

"ಪ್ರಾರ್ಥನೆ ನಡೆಯೋವಾಗ ಸ್ಕ್ರೂಡ್ರೈವರ್ ಹಿಡಿಯೋದಾ? ನಾನು ಬೇರೆ ಮತದವನಿರ್ಬೋದು, ಮರ್ಯಾದೆಗೆಟ್ಟವನಲ್ಲ."

ಫ್ಯೂಸು ಬಂದಾಗ ಒಂದೂವರೆ. ಸರ್ವರ್ ಎದ್ದಿತು. ಆದರೆ ಏಟು ತಿಂದು ಬಿದ್ದವನು ಮೈಕೈ ಮುಟ್ಟಿ ನೋಡಿಕೊಳ್ಳುವ ಹಾಗೆ, ತನ್ನ ಹೊಟ್ಟೆಯಲ್ಲಿರುವ ಪ್ರತಿಯೊಂದು ಕಾಗದವೂ ನೆಟ್ಟಗಿದೆಯೇ ಎಂದು ಪರೀಕ್ಷಿಸಲು ಕೂತಿತು. ನೂರಕ್ಕೆ ಎರಡು. ನೂರಕ್ಕೆ ಮೂರು. ಮೆದೆರ್ ಬೀಜದ ಚೀಲದ ಮೇಲೆ ಕೂತು ಆ ಅಂಕಿಯನ್ನು ನೋಡುತ್ತಾ, ತಾನು ಇನ್ನು ಏನು ಕೆಲಸ ಮಾಡಬಹುದು ಎಂದು ಯೋಚಿಸಿದ. ಕುರಿ ಕಾಯಬಹುದಿತ್ತು, ಕುರಿಗಳೆಂದರೆ ಅವನಿಗೆ ಸೀನು. ಟ್ಯಾಕ್ಸಿ ಓಡಿಸಬಹುದಿತ್ತು, ಕಾರೆಂದರೆ ವಾಂತಿ. ಹೆಂಡತಿಯ ತಮ್ಮನಿಗೆ ಬೀನ್ಸ್ ಮೂಟೆಯ ವ್ಯಾಪಾರವಿತ್ತು. ಅವನ ಕೈಕೆಳಗೆ ಸೇರುವುದಕ್ಕಿಂತ ತಾನೇ ಒಂದು ಮೂಟೆಯೊಳಗೆ ಸೇರಿ ಬಾಯಿ ಹೊಲಿಸಿಕೊಳ್ಳುವುದು ಲೇಸು. ಅಗಾಯ್ ಎರಡು ಸಲ ಮೆಟ್ಟಿಲ ಮೇಲೆ ನಿಂತು ಕೈಗಡಿಯಾರವನ್ನು ಬೆರಳಿಂದ ತಟ್ಟಿ ಹೋದರು. ಎರಡನೇ ಸಲ ಅವರ ಕೈಯಲ್ಲೂ ರೊಟ್ಟಿ ಇತ್ತು.

ಮೂರು ಗಂಟೆಗೆ ಪಟ್ಟಿ ತೆರೆಯಿತು. ಮೆದೆರ್ ಕೀಲಿಮಣೆಯ ಮುಂದೆ, ಎಜೆ ಅವನ ಪಕ್ಕದಲ್ಲಿ, ಊರು ಅವನ ಬೆನ್ನ ಹಿಂದೆ.

"ಓರೊಜ್‌ಬೆಕ್," ಎಂದಳು ಎಜೆ. "ಮೊದಲ ನಿರ್ದೇಶಕರು. ಬಿಳಿ ಬೀನ್ಸ್ ಈ ಕಣಿವೆಗೆ ಬರ್ಲಿ ಅಂತ ಹೋರಾಡಿದವರು. ನಮ್ಮನ್ನ ಕ್ಷಮಿಸಿ, ಅಗಾಯ್."

"ಒಮಿನ್," ಅಂದರೆ ಹಾಗೇ ಆಗಲಿ, ಎಂದು ಎಲ್ಲರೂ ಅಂಗೈಗಳಿಂದ ಮುಖ ಸವರಿಕೊಂಡರು. ಮೆದೆರ್ ಕೀಲಿ ಒತ್ತಿದ.

"ಒಳ್ಳೇ ಮನುಷ್ಯ," ಎಂದ ಹಿಂದಿನಿಂದ ಒಬ್ಬ. "ಒಂದ್ಸಲ ನನಗೆ ಅವರ ಬೂಟು ಕೊಟ್ಟಿದ್ರು."

"ನಿಂಗೆ ಕೊಡ್ಲಿಲ್ಲ, ನೀನು ಹಾಕ್ಕೊಂಡು ಹೋಗಿದ್ದೆ," ಎಂದ ಇನ್ನೊಬ್ಬ.

"ಮುಂದೆ! ಮುಂದೆ ಹೇಳಿ, ಎಜೆ!" ಎಂದು ಮೆದೆರ್ ಅಂಗಲಾಚಿದ.

ಮುಂದಿನ ಹೆಸರಿಗೂ ಒಂದು ಕತೆ. ಅದರ ಮುಂದಿನದಕ್ಕೆ ಎರಡು. ಗೋದಾಮಿನ ಜಾಮಿಲಾ ಹೆಸರು ಬಂದಾಗ ಪಖೋಮಿಚ್ ಎದ್ದು ಹೊರಗೆ ಹೋಗಿ ಸಿಗರೇಟು ಹಚ್ಚಿದ. ಎರ್ಮೆಕ್ ಅಗಾಯ್ ಹೆಸರು ಬಂದಾಗ ಮೆದೆರ್‌ನ ಬೆರಳು ಕೀಲಿಯ ಮೇಲೆ ನಿಂತೇ ಇತ್ತು. ಕೊನೆಗೆ ಎಜೆ ತನ್ನ ದಪ್ಪ ಬೆರಳನ್ನು ಅವನ ಬೆರಳ ಮೇಲಿಟ್ಟು ಒತ್ತಿದಳು. "ಅವರು ಏನೂ ಅಂದ್ಕೊಳ್ಳಲ್ಲ ಬಿಡೋ. ಬೈಯೋದಾಗಿದ್ರೆ ಆಗ್ಲೇ ಕನಸಲ್ಲಿ ಬರ್ತಿದ್ರು."

ಗಂಟೆ ನಾಲ್ಕಾಗುತ್ತಾ ಬಂತು. ನಲವತ್ತೊಂದನೆಯ ಹೆಸರು, ಊರೆಲ್ಲ ಆತಾ, ಅಂದರೆ ಅಜ್ಜ, ಎಂದು ಕರೆಯುತ್ತಿದ್ದವರದು.

"ಸಾಗಿನ್‌ಬಾಯ್ ಆತಾ. ಹಳೇ ಕೃಷಿ ಅಧಿಕಾರಿ. ಮುಂಗೋಪಿ, ಆದ್ರೆ ಬಂಗಾರದಂಥ ಮನಸ್ಸು. ಜಾಗ ಸ್ವರ್ಗದಲ್ಲಿರಲಿ."

"ಒಮಿನ್," ಎಂದರು ಎಲ್ಲರೂ.

"ಒಮಿನ್," ಎಂದಿತು ಬಾಗಿಲ ಕಡೆಯ ಒಂದು ದನಿಯೂ. "ಯಾರಿಗೆ ಓದ್ತಿದೀರಿ?"

ತಿರುಗಿ ನೋಡಿದರೆ ಎತ್ತರದ ಬಿಳಿ ಟೋಪಿ, ಕೈಯಲ್ಲಿ ಕೋಲು, ಬಾಯಲ್ಲಿ ಎರಡು ಹಲ್ಲು. ಸಾಗಿನ್‌ಬಾಯ್ ಆತಾ. ಒಬ್ಬ ಬಿಳಿಕೋಟಿನವಳು ಕಿರುಚಿ ಚಹಾ ಚೆಲ್ಲಿಕೊಂಡಳು.

"ನಿಮಗೇ, ಆತಾ," ಎಂದ ಮೆದೆರ್. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ನಂಗ್ಯಾಕೆ?"

"ತೀರ್ಕೊಂಡಿದೀರಿ ಅಂತ..."

"ಯಾರು ಹೇಳಿದ್ದು?" ಮುದುಕ ಕೋಲು ಕುಟ್ಟಿದ. "ಓಹೋ! ಅದಕ್ಕೇ ಮದುವೆಗೆ ಕರೀಲಿಲ್ವಾ? ಬುರುಲ್, ಅದನ್ನೇ ಕೇಳೋಕೆ ಇಷ್ಟು ದೂರ ನಡ್ಕೊಂಡು ಬಂದೆ ನಾನು. ಕಣಿವೇಲಿ ಇರೋ ನಾಯಿನರಿಗೆಲ್ಲ ಕಾಗದ ಬಂದಿದೆ, ನಂಗೊಬ್ಬನಿಗೆ ಇಲ್ಲ! ನಿಮ್ಮಪ್ಪನ ಜೊತೆ ಒಂದೇ ತಟ್ಟೇಲಿ ಉಂಡವನು ನಾನು!"

"ಅಯ್ಯೋ, ಕರ್ದಿದೀನಿ ಆತಾ! ನಿಮ್ಮ ಹೆಸರಿಗೂ ಕಳಿಸಿದೀನಿ!"

"ಆತಾ, ನಿಮ್ಮ ವಿಳಾಸ ಇಟ್ಕೊಂಡಿದ್ದ ಕಂಪನಿ ಮುಚ್ಚಿಹೋಗಿದೆ," ಎಂದ ಮೆದೆರ್. "ಸತ್ತಿದ್ದು ವಿಳಾಸ, ನೀವಲ್ಲ. ನಿಮಗೆ ಕಳಿಸಿದ ಕಾಗದದಿಂದಲೇ ನಮಗೀಗ ಈ ಗತಿ."

ಮುದುಕ ಯೋಚಿಸಿದ. ಕರೆಯಲಿಲ್ಲ ಎಂದು ಜಗಳಕ್ಕೆ ಬಂದವನಿಗೆ, ಕರೆದದ್ದರಿಂದಲೇ ಒಂದು ಕಚೇರಿ ಮುಳುಗುತ್ತಿದೆ ಎಂದು ಕೇಳಿ ಬಹಳ ಸಮಾಧಾನವಾದಂತೆ ಕಂಡಿತು. "ಹಾಗೋ," ಎಂದು ಏಣಿಯ ಮೇಲೆ ಜಾಗ ಮಾಡಿಸಿಕೊಂಡು ಕೂತ. "ನನ್ನ ಹೆಸರಲ್ಲಿ ಕರಿದದ್ದು ಯಾವುದು? ಅದನ್ನ ಇಲ್ಲಿ ಕೊಡಿ."

ನಾಲ್ಕು ಹತ್ತಕ್ಕೆ ಮೆದೆರ್ ಕಪ್ಪುಪಟ್ಟಿಯವರ ಅರ್ಜಿ ತೆರೆದ. 'ಸತ್ತ ವಿಳಾಸಗಳನ್ನು ಅಳಿಸಿದ್ದೀರಾ?' ಹೌದು. 'ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೀರಾ?' ಹೌದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಉತ್ತರಕ್ಕೆ ಒಂದು ದಿನದಿಂದ ಏಳು ದಿನ ಬೇಕಾಗಬಹುದು.'

ಮೆದೆರ್ ಆ ಸಾಲನ್ನು ಮೂರು ಸಲ ಓದಿದ. ಒಂದು ದಿನ. ಅವನ ಬಳಿ ಇದ್ದದ್ದು ಒಂದು ಗಂಟೆ ಐವತ್ತು ನಿಮಿಷ. ಬೆಳಗಿನಿಂದ ಓಡಿದ್ದು, ಬೇಡಿದ್ದು, ಸತ್ತವರನ್ನು ಬೀಳ್ಕೊಟ್ಟದ್ದು, ಬದುಕಿದ್ದವನ ಕೈಲಿ ಬೈಸಿಕೊಂಡದ್ದು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

"ಏನಾಯ್ತೋ?" ಎಂದಳು ಎಜೆ.

"ಏಳು ದಿನ ಕಾಯ್ಬೇಕಂತೆ."

"ಅಲ್ಲಿ ಕೂತಿರೋದು ಮನುಷ್ಯನೋ ಯಂತ್ರವೋ?"

"ಅರ್ಜಿ ಓದೋನು ಮನುಷ್ಯ ಅಂತ ಬರ್ದಿದೆ."

"ಮನುಷ್ಯ ಆದ್ರೆ ಹೇಳು ಅವನಿಗೆ. ನಡೆದದ್ದು ನಡೆದ ಹಾಗೆ ಹೇಳು. ಬಾಯಿದ್ದವನು ಯಾಕೆ ಮೂಕನ ಹಾಗೆ ಹೌದು ಹೌದು ಅಂತ ಗೀಟು ಎಳೀತೀಯ?"

ಅರ್ಜಿಯ ಕೊನೆಯಲ್ಲಿ 'ಇನ್ನೇನಾದರೂ ಹೇಳುವುದಿದೆಯೇ' ಎಂಬ ಒಂದು ಪುಟ್ಟ ಜಾಗವಿತ್ತು. ಮೆದೆರ್ ತನಗೆ ಬಂದ ಇಂಗ್ಲಿಷಿನಲ್ಲಿ, ಒಂದೊಂದು ಪದಕ್ಕೂ ನಿಘಂಟಿನ ಕಾಲು ಹಿಡಿಯುತ್ತಾ ಬರೆದ:

'ಮಾನ್ಯರೇ, ನಾವು ಕಳ್ಳರಲ್ಲ. ನಮ್ಮ ಬುರುಲ್ ಎಜೆಯ ಮಗನ ಮದುವೆ. ಸತ್ತವರನ್ನು ಬಿಟ್ಟರೆ ಅವರಿಗೆ ಬೇಸರವಾಗುತ್ತದೆ ಎಂದು ಅವರನ್ನೂ ಕರೆದರು. ಈಗ ಅವರಿಗಾಗಿ ಏಳು ರೊಟ್ಟಿ ಕರಿದು, ಪ್ರಾರ್ಥನೆ ಮಾಡಿ, ನಲವತ್ತೊಂದು ಜನರನ್ನೂ ಹೆಸರು ಹಿಡಿದು ಕ್ಷಮೆ ಕೇಳಿ ಅಳಿಸಿದ್ದೇವೆ. ನಡುವೆ ಫ್ಯೂಸು ಹೋಯಿತು. ನಲವತ್ತೊಂದನೆಯವರು ಬದುಕಿದ್ದಾರೆಂದು ಆಮೇಲೆ ತಿಳಿಯಿತು. ಅವರು ಈಗ ನನ್ನ ಹಿಂದೆ ಕೂತು ತಿನ್ನುತ್ತಿದ್ದಾರೆ. ಇಂದು ಆರು ಗಂಟೆಗೆ ನನ್ನ ಕೆಲಸ ಹೋಗುತ್ತದೆ. ಇನ್ನು ಮುಂದೆ ನಾವು ಸತ್ತವರಿಗೆ ಬರೆಯುವುದಿಲ್ಲ.'

ಕಳಿಸಿದ. ಕಳಿಸಿ ತಲೆಯನ್ನು ಕೀಲಿಮಣೆಯ ಮೇಲೆ ಇಟ್ಟುಕೊಂಡ. ಜನ ಒಬ್ಬೊಬ್ಬರಾಗಿ ಎದ್ದುಹೋದರು. ಹೋಗುವಾಗ ಪ್ರತಿಯೊಬ್ಬರೂ ಅವನ ಬೆನ್ನು ತಟ್ಟಿ, ಒಳ್ಳೇ ಊಟ, ಒಳ್ಳೇ ಪ್ರಾರ್ಥನೆ ಎಂದು ಹೊಗಳಿದರು. ಐದಾಯಿತು. ಐದೂವರೆಯಾಯಿತು. ಪಖೋಮಿಚ್ ಬಂದು, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡು," ಎಂದ. ಮೆದೆರ್ ಅವನನ್ನು ನೋಡಿದ ನೋಟಕ್ಕೆ ಪಖೋಮಿಚ್ ಹಿಂದೆ ಹಿಂದೆ ನಡೆದೇ ಹೊರಗೆ ಹೋದ.

ಐದು ನಲವತ್ತಕ್ಕೆ ಉತ್ತರ ಬಂತು.

'ಹತ್ತೊಂಬತ್ತು ವರ್ಷದಿಂದ ಈ ಅರ್ಜಿಗಳನ್ನು ಓದುತ್ತಿದ್ದೇನೆ. ಎಲ್ಲರೂ ಸುಳ್ಳು ಹೇಳುತ್ತಾರೆ. ಇದನ್ನು ಸುಳ್ಳಾಗಿ ಕಟ್ಟುವುದು ಯಾರಿಂದಲೂ ಸಾಧ್ಯವಿಲ್ಲ. ನಿಮ್ಮ ಸರ್ವರನ್ನು ಪಟ್ಟಿಯಿಂದ ಈಗಲೇ ತೆಗೆದಿದ್ದೇನೆ. ಮದುವೆಗೆ ನನ್ನ ಶುಭಾಶಯ. ನಲವತ್ತೊಂದನೆಯವರಿಗೆ ದೀರ್ಘಾಯುಸ್ಸು.'

ಮೆದೆರ್ ಕೂಗಿದ ಕೂಗಿಗೆ ಕ್ಯಾಂಟೀನಿನ ಚಾವಣಿಯ ಹೊಸ ಸುಣ್ಣ ಉದುರಿತು. ಕೂಡಲೇ ಸಾಲಿನಲ್ಲಿ ನಿಂತ ಪತ್ರಗಳನ್ನೆಲ್ಲ ಒಟ್ಟಿಗೆ ಬಿಡುವ ಆಜ್ಞೆ ಕೊಟ್ಟ. ಒಂದನ್ನು ಮುಂದೆ, ಒಂದನ್ನು ಹಿಂದೆ ಮಾಡಲು ಹೊತ್ತಿರಲಿಲ್ಲ. ಯಾರ ಪತ್ರ ಏನೆಂದು ತೆರೆದು ನೋಡುವ ಅಭ್ಯಾಸವಂತೂ ಅವನಿಗೆ ಮೊದಲಿನಿಂದಲೂ ಇಲ್ಲ. ಬೇಲಿ ತೆಗೆದ ಕುರಿಮಂದೆಯ ಹಾಗೆ ಇನ್ನೂರ ಹದಿನಾಲ್ಕು ಪತ್ರಗಳು ನುಗ್ಗಿ ಹೋದವು. ಐದು ನಲವತ್ತೆಂಟಕ್ಕೆ ಸಾಲು ಖಾಲಿ. ಐದು ಐವತ್ತೆರಡಕ್ಕೆ ಬಲ್ಗೇರಿಯದವರು ಬರೆದರು: 'ನಿಮ್ಮ ಒಪ್ಪಿಗೆ ತಲುಪಿತು. ಐದು ವರ್ಷ ಜೊತೆಯಲ್ಲಿ ದುಡಿಯೋಣ.'

ಕುತ್ಮಾನ್ ಅಗಾಯ್ ಮೆಟ್ಟಿಲು ಇಳಿದು ಬಂದ ರಭಸಕ್ಕೆ ಕೊನೆಯ ಎರಡು ಮೆಟ್ಟಿಲು ಕಾಲಿಗೆ ಸಿಗಲೇ ಇಲ್ಲ. ಬಂದವರೇ ಮೆದೆರ್‌ನನ್ನು ಬಾಚಿ ತಬ್ಬಿಕೊಂಡರು. ತಮ್ಮ ತಲೆಯ ಮೇಲಿದ್ದ ಬಿಳಿ ಉಣ್ಣೆಯ ಟೋಪಿ ತೆಗೆದು ಅವನ ತಲೆಗೆ ಇಟ್ಟರು. ಅದು ಅವನ ಕಿವಿಯವರೆಗೆ ಇಳಿಯಿತು.

"ಹುಲಿ ಕಣೋ ನೀನು, ಹುಲಿ! ಆ ಕಂಪನಿಯವರು ಇನ್ನೊಂದ್ಸಲ ಫೋನ್ ಮಾಡ್ಲಿ, ಕಿವಿ ಹರಿಯೋ ಹಾಗೆ ಬೈತೀನಿ. ನಾನಿರೋವರೆಗೂ ನಿನ್ನ ಈ ಗೂಡಿಂದ ಯಾರೂ ಅಲ್ಲಾಡ್ಸೋಕಾಗಲ್ಲ."

ಮೆದೆರ್ ಟೋಪಿಯ ಅಂಚಿನಿಂದ ಕಣ್ಣೊರೆಸಿಕೊಂಡ. ಎಜೆ ಮೂಗೊರೆಸಿಕೊಂಡಳು.

"ಅಂದಹಾಗೆ," ಅಗಾಯ್ ಅವನ ಹೆಗಲ ಮೇಲೆ ಕೈ ಹಾಕಿ ದನಿ ತಗ್ಗಿಸಿದರು, "ಒಂದು ಸಣ್ಣ ವಿಷಯ. ಮಂಗಳವಾರ ಸಂಜೆ ನನ್ನ ಕಾಗದ ಹೋಗ್ಲಿಲ್ವಲ್ಲ, ಆಗ ಸಿಟ್ಟಲ್ಲಿ ನಮ್ಮ ಮೇಲಿನವರಿಗೆ, ರಾಜಧಾನಿಯ ದೊಡ್ಡ ಕಚೇರಿಗೂ ಒಂದು ಬರ್ದುಬಿಟ್ಟಿದ್ದೆ. ಪುಣ್ಯಕ್ಕೆ ಅದೂ ಹೋಗಿರಲಿಲ್ಲ, ಸಾಲಲ್ಲೇ ನಿಂತಿತ್ತು. ಅದನ್ನ ತೆಗೆದುಹಾಕಿಬಿಡು. ಓದ್ಬೇಡ, ಸುಮ್ಮನೆ ತೆಗೆದುಹಾಕು."

"ಏನಂತ ಬರ್ದಿದ್ರಿ, ಅಗಾಯ್?"

"ಅಯ್ಯೋ, ಸಿಟ್ಟಲ್ಲಿ ಮನುಷ್ಯ ಏನಂತ ಬರೀತಾನೆ? ಈಮೇಲ್ ನೋಡೋನ ಹುದ್ದೆ ನಮಗೆ ಬೇಡ, ರದ್ದು ಮಾಡಿ ಅಂತ. ಈಗ ಬಿಡು. ತೆಗೆದುಹಾಕು, ಮುಗೀತು."

ಮೆದೆರ್ ಪರದೆಯ ಕಡೆ ತಿರುಗಿದ. ಸಾಲು ಇದ್ದ ಜಾಗ ಗುಡಿಸಿಟ್ಟ ಅಂಗಳದ ಹಾಗೆ ಸ್ವಚ್ಛವಾಗಿತ್ತು.

"ಎಲ್ಲಾ ಹೋದವು, ಅಗಾಯ್," ಎಂದ. "ಒಂದೂ ಬಿಡದೆ."

ಅಗಾಯ್ ಅವರ ಕೈ ಹೆಗಲಿನಿಂದ ಜಾರಿತು. "ಪರವಾಗಿಲ್ಲ, ಪರವಾಗಿಲ್ಲ! ದೊಡ್ಡ ಕಚೇರಿಯವರಲ್ವಾ? ಮೂರು ತಿಂಗಳಿಗೆ ಮುಂಚೆ ಅವರು ಯಾವ ಕಾಗದಕ್ಕೆ ಉತ್ತರ ಕೊಟ್ಟಿದಾರೆ? ಈಗ್ಲೇ ಇನ್ನೊಂದು ಬರೀತೀನಿ, ಹಿಂದಿನದನ್ನ ಓದ್ಬೇಡಿ ಅಂತ. ಸರಿ, ಕುರ್ಚಿ ಕೊಡು."

ಅಗಾಯ್ ಕೂರುವಷ್ಟರಲ್ಲಿ ಸರ್ವರ್ ಒಮ್ಮೆ ಕೆಮ್ಮಿ ಒಂದು ಪತ್ರವನ್ನು ಮುಂದಿಟ್ಟಿತು. ದೊಡ್ಡ ಕಚೇರಿಯಿಂದ. ಐದು ಐವತ್ತೇಳು.

'ಪ್ರತಿಯೊಂದು ಕೇಂದ್ರವೂ ಈ ತಿಂಗಳೊಳಗೆ ಒಂದು ಹುದ್ದೆ ಕಡಿಮೆ ಮಾಡಬೇಕೆಂದು ಕೇಳಿದ್ದೆವು. ಇಂದಿನವರೆಗೆ ಯಾರೂ ಮುಂದೆ ಬಂದಿರಲಿಲ್ಲ. ತಾವೇ ಇಷ್ಟಪಟ್ಟು ಮೊದಲಿಗರಾಗಿದ್ದೀರಿ, ಅಭಿನಂದನೆಗಳು. ಹುದ್ದೆಯನ್ನು ಇಂದಿನಿಂದಲೇ ರದ್ದುಪಡಿಸಿದ ಆದೇಶ ಇದರೊಂದಿಗಿದೆ.'

ಅಗಾಯ್ ಎರಡು ಬೆರಳಲ್ಲಿ, ಬೆವರು ಸುರಿಸುತ್ತಾ, ತಪ್ಪಾಯಿತು, ದಯವಿಟ್ಟು ಆದೇಶ ಹಿಂದಕ್ಕೆ ಪಡೆಯಿರಿ ಎಂದು ನಾಲ್ಕು ಸಾಲು ಕುಟ್ಟಿದರು. ಎಜೆ ಪಕ್ಕದಲ್ಲಿ ನಿಂತು, "ಕೈಮುಗಿದು ಕೇಳ್ಕೋತೀನಿ ಅಂತ ಹಾಕಿ, ಕೈಮುಗಿದು ಅಂತ ಹಾಕಿ," ಎಂದು ಹೇಳಿಕೊಟ್ಟಳು. ಮೆದೆರ್ ಟೋಪಿಯನ್ನು ಹಿಂದಕ್ಕೆ ಸರಿಸಿ, ಬಗ್ಗಿ, ತಾನೇ ಗುಂಡಿ ಒತ್ತಿದ. ಪತ್ರ ಒಂದು ಕ್ಷಣವೂ ತಡೆಯದೆ, ಯಾರ ಬಾಗಿಲಲ್ಲೂ ಬೈಸಿಕೊಳ್ಳದೆ, ನೆಟ್ಟಗೆ ರಾಜಧಾನಿ ಮುಟ್ಟಿತು.

ಅಷ್ಟೇ ಬೇಗ ಉತ್ತರವೂ ಬಂತು. ಈ ಸಲ ಬರೆದದ್ದು ಯಂತ್ರ.

'ಕಚೇರಿಯ ವೇಳೆ ಮುಗಿದಿದೆ. ತಮ್ಮ ಪತ್ರವನ್ನು ಮೂರು ತಿಂಗಳೊಳಗೆ ಪರಿಶೀಲಿಸಲಾಗುವುದು.'